ಹಟ್ಟಿ: ಹೊನ್ನಿನ ಊರಿನ ಹೆಸರಾಂತರು, ಹೆಸರಿಲ್ಲದವರು

ಕಡಲ ತೀರದ ಕಾರವಾರವೆಂದರೆ ತರುಣ ರವೀಂದ್ರನಾಥ ಠಾಕೂರರ ವಾಸ್ತವ್ಯ ನೆನಪಾಗುತ್ತದೆ. ಮಲೆನಾಡಿನ ಕುಪ್ಪಳಿಯೆಂದರೆ ಕುವೆಂಪು, ಧಾರವಾಡದ ಸಾಧನಕೇರಿಯೆಂದರೆ ಬೇಂದ್ರೆ. ಸಣ್ಣ ಊರೊಂದು ದೊಡ್ಡ ವ್ಯಕ್ತಿಯ ಹೆಸರಿನೊಡನೆ ಬೆಸೆದುಕೊಂಡು ನಾಡಿನ ನೆನಪಿನಲ್ಲಿ ನೆಲೆಸುವುದು ಹೊಸತೇನಲ್ಲ. ಆದರೆ ರಾಯಚೂರು ಜಿಲ್ಲೆಯ ಲಿಂಗಸುಗೂರು ತಾಲ್ಲೂಕಿನ ಹಟ್ಟಿಯ ಹೆಸರು ಕಿವಿಗೆ ಬಿದ್ದೊಡನೆ ನೆನಪಾಗುವುದು ವ್ಯಕ್ತಿಯಲ್ಲ, ಲೋಹ. ಹಟ್ಟಿ ಎಂದರೆ ಚಿನ್ನದ ಗಣಿ. ಅದರಾಚೆಗೆ ರಾಜ್ಯದ ಬಹುಪಾಲು ಜನರಿಗೆ ಆ ಊರಿನ ಪರಿಚಯವಿಲ್ಲ.

ಹಾಗೆಂದು ಈ ಸೀಮೆಗೆ ಹೆಸರಾಂತರ ನಂಟಿಲ್ಲವೆಂದು ಭಾವಿಸುವುದು ತಪ್ಪಾದೀತು. ಮೌರ್ಯ ಚಕ್ರವರ್ತಿ ಅಶೋಕ, ಹನ್ನೆರಡನೆಯ ಶತಮಾನದ ಶರಣ ದಂಪತಿ, ಎರಡು ಸಾಮ್ರಾಜ್ಯಗಳನ್ನು ಯುದ್ಧಕ್ಕೆಳೆದಳೆಂದು ಹೇಳಲಾಗುವ ಅಕ್ಕಸಾಲಿಗನ ಮಗಳು, ಭಾರತದ ಪ್ರಾಗಿತಿಹಾಸ ಅಧ್ಯಯನಕ್ಕೆ ಅಡಿಪಾಯ ಹಾಕಿದ ಭೂವಿಜ್ಞಾನಿ, ಕೇಂಬ್ರಿಜ್‌ನ ಪುರಾತತ್ವಜ್ಞ, ಇವರೆಲ್ಲರ ಹೆಜ್ಜೆಗುರುತುಗಳು ಹಟ್ಟಿ ಹಾಗೂ ಅದರ ಸುತ್ತಲಿನ ಮಸ್ಕಿ, ಮುದಗಲ್ಲು, ಅಮರೇಶ್ವರಗಳಲ್ಲಿವೆ. ಇವರ ಕಥೆಗಳನ್ನು ಒಟ್ಟಿಗೆ ಇರಿಸಿ ನೋಡಿದಾಗ ಒಂದು ಸಂಗತಿ ಎದ್ದು ಕಾಣುತ್ತದೆ. ಹೊನ್ನನ್ನು ಅರಸಿ ಇಲ್ಲಿಗೆ ಬಂದವರಲ್ಲಿ ಚರಿತ್ರೆ ನೆನಪಿಟ್ಟುಕೊಂಡಿರುವುದು ಹೊನ್ನು ಪಡೆದವರನ್ನಲ್ಲ; ಅದನ್ನು ಅರಸುವ ಹಾದಿಯಲ್ಲಿ ಬೇರೇನನ್ನೋ ಕಂಡವರನ್ನು. ನಿಜವಾಗಿ ಹೊನ್ನನ್ನು ಅಗೆದು ತೆಗೆದವರ ಹೆಸರು ಮಾತ್ರ ಎಲ್ಲಿಯೂ ದಾಖಲಾಗಿಲ್ಲ.

ಎರಡು ನದಿಗಳ ನಡುವೆ

ಕೃಷ್ಣಾ ಮತ್ತು ತುಂಗಭದ್ರಾ ನದಿಗಳ ನಡುವಣ ಪ್ರದೇಶವನ್ನು ಪ್ರಾಚೀನ ಶಾಸನಗಳು ಎಡೆದೊರೆ ನಾಡು ಎಂದು ಕರೆದಿವೆ. ಇತಿಹಾಸದ ಪಠ್ಯಗಳಲ್ಲಿ ಅದು ರಾಯಚೂರು ದೋಆಬ್. ಈ ನಾಡಿನ ನಡುವೆ, ಲಿಂಗಸುಗೂರಿನಿಂದ ಸುಮಾರು 20 ಕಿಲೋಮೀಟರ್ ದೂರದಲ್ಲಿ ಹಟ್ಟಿ ಇದೆ. ಕನ್ನಡದಲ್ಲಿ ಹಟ್ಟಿ ಎಂದರೆ ದನದ ದೊಡ್ಡಿ, ಪಶುಪಾಲಕರ ವಸತಿ. ಮಳೆ ಕಡಿಮೆ ಬೀಳುವ, ಬೇಸಿಗೆಯಲ್ಲಿ ಕಾದ ಹೆಂಚಿನಂತಾಗುವ ಈ ನೆಲದ ಮೇಲ್ಮೈಯನ್ನು ಕಂಡವರಿಗೆ ಅದರ ಒಡಲಿನ ಸಂಪತ್ತಿನ ಊಹೆಯೂ ಬರಲಾರದು.

ಭೂವಿಜ್ಞಾನಿಗಳು ಇಲ್ಲಿನ ಶಿಲಾಶ್ರೇಣಿಯನ್ನು ಹಟ್ಟಿ-ಮಸ್ಕಿ ಶಿಲಾಪಟ್ಟಿ ಎಂದು ಗುರುತಿಸುತ್ತಾರೆ. ಇದು ಇನ್ನೂರೈವತ್ತು ಕೋಟಿ ವರ್ಷಗಳಿಗೂ ಹಿಂದಿನದು. ಪುರಾತನ ಜ್ವಾಲಾಮುಖಿಗಳ ಲಾವಾ ಘನೀಭವಿಸಿ ಉಂಟಾದ ಬಂಡೆಗಳು ಭೂಮಿಯ ಒತ್ತಡ ಮತ್ತು ಶಾಖಕ್ಕೆ ಸಿಲುಕಿ ರೂಪಾಂತರಗೊಂಡವು. ಅವುಗಳ ಬಿರುಕುಗಳಲ್ಲಿ ಬಿಸಿ ದ್ರಾವಣಗಳು ಹರಿದು ಬೆಣಚುಕಲ್ಲಿನೊಡನೆ ಚಿನ್ನವನ್ನೂ ಬಿಟ್ಟುಹೋದವು. ಚಿನ್ನವಿರುವ ಇಂತಹ ಪದರಗಳಿಗೆ ಗಣಿಗಾರರ ಭಾಷೆಯಲ್ಲಿ ರೀಫ್ ಎಂದು ಹೆಸರು. ಒಂದು ಟನ್ ಕಲ್ಲನ್ನು ಅರೆದರೆ ದೊರೆಯುವುದು ಕೆಲವೇ ಗ್ರಾಂ ಚಿನ್ನ. ಈ ಅನುಪಾತವನ್ನು ಮನಸ್ಸಿನಲ್ಲಿಟ್ಟುಕೊಂಡರೆ ಮಾತ್ರ ಇಲ್ಲಿ ದುಡಿದವರ ಶ್ರಮದ ಅಳತೆ ಅರ್ಥವಾದೀತು.

640 ಅಡಿ ಇಳಿದವರು

ಹಟ್ಟಿಯ ಹೆಸರಾಂತರ ಪಟ್ಟಿಯನ್ನು ಹೆಸರಿಲ್ಲದವರಿಂದಲೇ ಆರಂಭಿಸಬೇಕಾಗುತ್ತದೆ. ಇಪ್ಪತ್ತನೆಯ ಶತಮಾನದಲ್ಲಿ ಆಧುನಿಕ ಯಂತ್ರಗಳೊಡನೆ ಗಣಿ ತೋಡಿದವರಿಗೆ ಅಚ್ಚರಿಯೊಂದು ಕಾದಿತ್ತು. ತಮಗಿಂತ ಮೊದಲೇ ಯಾರೋ ಅಲ್ಲಿಗೆ ಇಳಿದು ಅದಿರನ್ನು ತೆಗೆದು ಹೋಗಿದ್ದರು. ಹಳೆಯ ಕುಳಿಗಳು ಕೆಲವೆಡೆ ಸುಮಾರು 640 ಅಡಿ, ಅಂದರೆ 195 ಮೀಟರ್ ಆಳದವರೆಗೆ ಹಬ್ಬಿದ್ದವು. ಪ್ರಾಚೀನ ಜಗತ್ತಿನ ಅತ್ಯಂತ ಆಳವಾದ ಗಣಿಗಳ ಸಾಲಿನಲ್ಲಿ ಹಟ್ಟಿಯನ್ನು ವಿದ್ವಾಂಸರು ಹೆಸರಿಸುವುದು ಈ ಕಾರಣದಿಂದ. ಕುಳಿಗಳಲ್ಲಿ ದೊರೆತ ಮರದ ತುಂಡುಗಳನ್ನು ಇಂಗಾಲ-14 ವಿಧಾನದಿಂದ ಪರೀಕ್ಷಿಸಿದಾಗ ಅವು ಸುಮಾರು ಎರಡು ಸಾವಿರ ವರ್ಷ ಹಳೆಯವೆಂದು ತಿಳಿದುಬಂತು.

ಸಿಡಿಮದ್ದಿಲ್ಲದ ಕಾಲದಲ್ಲಿ ಇಂತಹ ಗಟ್ಟಿ ಬಂಡೆಯನ್ನು ಒಡೆದ ಬಗೆ ಸರಳವೂ ಹೌದು, ಭಯಂಕರವೂ ಹೌದು. ಬಂಡೆಯ ಮೈಗೆ ಸೌದೆ ಒಟ್ಟಿ ಬೆಂಕಿ ಹಚ್ಚುವುದು, ಕಲ್ಲು ಕೆಂಪಗೆ ಕಾದ ಮೇಲೆ ನೀರೆರಚುವುದು, ಸೀಳುಬಿಟ್ಟ ಕಲ್ಲನ್ನು ಉಳಿಯಿಂದ ಎಬ್ಬಿಸುವುದು. ಮೇಲೆ ತಂದ ಅದಿರನ್ನು ಬಂಡೆಯ ಗುಳಿಗಳಲ್ಲಿ ಕುಟ್ಟಿ, ಅರೆದು, ನೀರಿನಲ್ಲಿ ಜಾಲಾಡಿ ಚಿನ್ನದ ಕಣಗಳನ್ನು ಬೇರ್ಪಡಿಸಲಾಗುತ್ತಿತ್ತು. ಇಕ್ಕಟ್ಟಾದ ಕುಳಿಯ ತಳದಲ್ಲಿ ಹೊಗೆ, ಶಾಖ, ಕತ್ತಲು ಮತ್ತು ಒಸರುವ ನೀರು. ಅಲ್ಲಿಗೆ ಗಾಳಿ ಮುಟ್ಟಿಸುವುದು, ನೀರು ಎತ್ತಿ ಹೊರಹಾಕುವುದು, ಇಷ್ಟಕ್ಕೆ ಬೇಕಾಗುವ ಸೌದೆಯನ್ನು ಒದಗಿಸುವುದು ಒಬ್ಬಿಬ್ಬರ ಕೆಲಸವಲ್ಲ. ನೂರಾರು ಜನರನ್ನು ವರ್ಷಗಟ್ಟಲೆ ದುಡಿಸಬಲ್ಲ ವ್ಯವಸ್ಥೆಯೊಂದು ಅಂದು ಇದ್ದಿರಲೇಬೇಕು. ಆದರೆ ಅವರು ದಾಸರೋ, ಕೂಲಿಕಾರರೋ, ಕುಲಕಸುಬಿನವರೋ ಎಂಬುದನ್ನು ಹೇಳುವ ಒಂದಕ್ಷರವೂ ದೊರೆತಿಲ್ಲ.

ಹೊಳೆ ಹಳ್ಳಗಳ ಮರಳನ್ನು ಜಾಲಿಸಿ ಚಿನ್ನ ತೆಗೆಯುವ ಜನರಿಗೆ ಕನ್ನಡದಲ್ಲಿ ಜಲಗಾರರು ಎಂಬ ಹೆಸರಿತ್ತು. ಗದಗ ಸೀಮೆಯ ಕಪ್ಪತಗುಡ್ಡದ ಹಳ್ಳಗಳಲ್ಲಿ ಹತ್ತೊಂಬತ್ತನೆಯ ಶತಮಾನದಲ್ಲಿಯೂ ಜಲಗಾರರು ಈ ಕಸುಬು ನಡೆಸುತ್ತಿದ್ದುದನ್ನು ಬ್ರಿಟಿಷ್ ಭೂವಿಜ್ಞಾನಿಗಳು ಬರೆದಿಟ್ಟಿದ್ದಾರೆ. ಕಸುಬಿನ ಹೆಸರು ಉಳಿಯಿತು. ಕಸುಬುದಾರರ ಹೆಸರು ಉಳಿಯಲಿಲ್ಲ.

ಬಿದ್ದ ಅಕ್ಕಿ ಆಯ್ದ ದಂಪತಿ

ಹೊನ್ನಿನ ಈ ಸೀಮೆ ಕನ್ನಡ ಸಾಹಿತ್ಯಕ್ಕೆ ಕೊಟ್ಟ ಅತ್ಯಂತ ದೊಡ್ಡ ಹೆಸರುಗಳು ಹೊನ್ನಿಗೆ ಬೆನ್ನು ತಿರುಗಿಸಿದವರದು ಎಂಬುದು ವಿಶೇಷ. ಹನ್ನೆರಡನೆಯ ಶತಮಾನದ ಶರಣರಾದ ಆಯ್ದಕ್ಕಿ ಮಾರಯ್ಯ ಮತ್ತು ಆಯ್ದಕ್ಕಿ ಲಕ್ಕಮ್ಮ ದಂಪತಿ ಲಿಂಗಸುಗೂರು ತಾಲ್ಲೂಕಿನ ಅಮರೇಶ್ವರದವರೆಂದು ಗುರುತಿಸಲಾಗಿದೆ. ಮಾರಯ್ಯನ ವಚನಗಳ ಅಂಕಿತ ಅಮರೇಶ್ವರಲಿಂಗ. ಲಕ್ಕಮ್ಮನದು ಮಾರಯ್ಯಪ್ರಿಯ ಅಮರೇಶ್ವರಲಿಂಗ. ಊರಿನ ದೈವದ ಹೆಸರನ್ನೇ ಇಬ್ಬರೂ ಕಲ್ಯಾಣಕ್ಕೆ ಕೊಂಡೊಯ್ದರು.

ಶರಣರ ಅಂಗಳದಲ್ಲಿ ಬಿದ್ದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುವುದು ಇವರ ಕಾಯಕ. ಆಯ್ದಕ್ಕಿ ಎಂಬ ವಿಶೇಷಣ ಬಂದದ್ದು ಅದರಿಂದಲೇ. ಒಂದು ದಿನ ಮಾರಯ್ಯ ಎಂದಿಗಿಂತ ಹೆಚ್ಚು ಅಕ್ಕಿಯನ್ನು ಮನೆಗೆ ತಂದ. ಲಕ್ಕಮ್ಮ ಅದನ್ನು ಒಪ್ಪಲಿಲ್ಲ. ಅಗತ್ಯಕ್ಕಿಂತ ಹೆಚ್ಚು ತರುವುದು ಆಸೆಯ ಲಕ್ಷಣ, ಹೆಚ್ಚಾದುದನ್ನು ತಂದಲ್ಲಿಯೇ ಸುರಿದು ಬನ್ನಿ ಎಂದು ಗಂಡನನ್ನು ಹಿಂದಕ್ಕೆ ಕಳುಹಿಸಿದಳೆಂಬುದು ಪರಂಪರೆ ಉಳಿಸಿಕೊಂಡು ಬಂದಿರುವ ಕಥೆ. ಲಕ್ಕಮ್ಮನ ಸುಮಾರು 25 ವಚನಗಳು ದೊರೆತಿವೆ. ಗಂಡನಿಗೆ ಬುದ್ಧಿ ಹೇಳುವ, ಬಡತನವೆಂಬುದು ಮನಸ್ಸಿಗೆ ಸಂಬಂಧಿಸಿದ್ದೆಂದು ವಾದಿಸುವ ಆ ದನಿಗೆ ಸರಿಸಾಟಿಯಾದುದು ಮಧ್ಯಕಾಲೀನ ಭಾರತದ ಸಾಹಿತ್ಯದಲ್ಲಿ ಅಪರೂಪ. ದುಡಿಮೆಯನ್ನೇ ಕೈಲಾಸಕ್ಕೆ ಸಮನಾಗಿಸಿದ, ಇಂದು ಸಾಮಾನ್ಯವಾಗಿ ಬಸವಣ್ಣನವರ ಹೆಸರಿನಲ್ಲಿ ಉದ್ಧರಿಸಲಾಗುವ ಪ್ರಸಿದ್ಧ ನುಡಿ ವಚನ ಸಂಪುಟಗಳಲ್ಲಿ ಸಿಗುವುದು ಮಾರಯ್ಯನ ವಚನದಲ್ಲಿ. ಈ ಸಂಗತಿ ಈ ಭಾಗದವರಲ್ಲಿಯೂ ಎಲ್ಲರಿಗೆ ತಿಳಿದಂತಿಲ್ಲ.

ಅಕ್ಕಸಾಲಿಗನ ಮಗಳು

ಲಿಂಗಸುಗೂರು ತಾಲ್ಲೂಕಿನದೇ ಆದ ಮುದಗಲ್ಲು ಮಧ್ಯಯುಗದುದ್ದಕ್ಕೂ ಯುದ್ಧಗಳನ್ನು ಕಂಡ ಕೋಟೆಯ ಊರು. ರಾಯಚೂರು ಮತ್ತು ಮುದಗಲ್ಲು ಕೋಟೆಗಳಿಗಾಗಿ ವಿಜಯನಗರದ ಅರಸರು ಮೊದಲು ಬಹಮನಿಗಳೊಡನೆ, ಬಳಿಕ ವಿಜಾಪುರದ ಆದಿಲಶಾಹಿಗಳೊಡನೆ ಕಾದಾಡಿದರು. ಈ ಯುದ್ಧಗಳಲ್ಲಿ ಒಂದರ ಕಾರಣವಾಗಿ ಇತಿಹಾಸಕಾರ ಫೆರಿಸ್ತಾ ಹೆಸರಿಸುವುದು ಅರಸನನ್ನಾಗಲಿ ಸೇನಾನಿಯನ್ನಾಗಲಿ ಅಲ್ಲ. ಮುದಗಲ್ಲಿನ ಅಕ್ಕಸಾಲಿಗನೊಬ್ಬನ ಮಗಳನ್ನು.

ವಿಜಾಪುರದ ಆಶ್ರಯದಲ್ಲಿ ಬರೆಯುತ್ತಿದ್ದ ಫೆರಿಸ್ತಾನ ಪ್ರಕಾರ ಘಟನೆ ನಡೆದದ್ದು 1406ರಲ್ಲಿ. ಪರ್ತಾಲ್ ಎಂಬ ಆ ಯುವತಿಯ ರೂಪ ಹಾಗೂ ಸಂಗೀತ ಪ್ರತಿಭೆಯ ವರ್ಣನೆ ಕೇಳಿದ ವಿಜಯನಗರದ ಅರಸ ಆಕೆಯನ್ನು ಅರಮನೆಗೆ ಕರೆತರಲು ಹಂಬಲಿಸಿದ. ಆಕೆ ಒಪ್ಪಲಿಲ್ಲ. ಅರಸನ ದಂಡು ಮುದಗಲ್ಲಿನತ್ತ ಧಾವಿಸಿತು. ದಂಡಿನ ಸುದ್ದಿಗೆ ಹೆದರಿ ಕುಟುಂಬವೇ ಊರು ತೊರೆಯಿತು. ಬರಿಗೈಯಲ್ಲಿ ಮರಳಿದ ಸೈನಿಕರು ದಾರಿಯ ಹಳ್ಳಿಗಳನ್ನು ಲೂಟಿ ಮಾಡಿದ್ದರಿಂದ ಬಹಮನಿ ಸುಲ್ತಾನ ಫಿರೋಜ್ ಷಾ ಯುದ್ಧ ಸಾರಿದ. ಕೊನೆಗೆ ಸುಲ್ತಾನ ಆಕೆಯನ್ನು ತನ್ನ ಮಗ ಹಸನ್ ಖಾನನಿಗೆ ಮದುವೆ ಮಾಡಿದನೆಂದು ಫೆರಿಸ್ತಾ ಹೇಳುತ್ತಾನೆ.

ರಾಬರ್ಟ್ ಸ್ಯೂಯಲ್ 1900ರಲ್ಲಿ ಪ್ರಕಟಿಸಿದ ವಿಜಯನಗರದ ಇತಿಹಾಸದ ಮೂಲಕ ಈ ಕಥೆ ಆಧುನಿಕ ಓದುಗರಿಗೆ ಪರಿಚಿತವಾಯಿತು. ಎರಡು ಶತಮಾನಗಳ ತರುವಾಯ ಬರೆದ ಆಸ್ಥಾನ ಇತಿಹಾಸಕಾರನ ಮಾತನ್ನು ಅಕ್ಷರಶಃ ನಂಬಲಾಗದು. ಫಲವತ್ತಾದ ದೋಆಬ್‌ಗಾಗಿ ನಡೆದ ದೀರ್ಘ ಪೈಪೋಟಿಗೆ ಪ್ರಣಯದ ಬಣ್ಣ ಬಳಿದಿರುವ ಸಾಧ್ಯತೆಯೂ ಉಂಟು. ಆದರೂ ಹೊನ್ನು ಕೆಲಸದ ಕುಟುಂಬವೊಂದರ ಮಗಳು ಈ ನಾಡಿನ ರಾಜಕೀಯ ಇತಿಹಾಸದಲ್ಲಿ ಹೆಸರು ಪಡೆದದ್ದು ಗಮನಿಸಬೇಕಾದ ಸಂಗತಿ. ಆಕೆ ಏನನ್ನು ಬಯಸಿದಳೆಂಬುದನ್ನು ಮಾತ್ರ ಫೆರಿಸ್ತಾನ ಕಥೆಯಲ್ಲಿ ಯುದ್ಧದ ಗದ್ದಲ ಮುಚ್ಚಿಹಾಕಿದೆ.

ಕಲ್ಲುಗಳ ಭಾಷೆ ಬಲ್ಲವರು

ಹತ್ತೊಂಬತ್ತನೆಯ ಶತಮಾನದಲ್ಲಿ ಈ ನೆಲವನ್ನು ಹೊಸ ಕಣ್ಣಿನಿಂದ ನೋಡಿದವರು ರಾಬರ್ಟ್ ಬ್ರೂಸ್ ಫೂಟ್ (1834-1912). ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆಯ ಅಧಿಕಾರಿಯಾಗಿದ್ದ ಅವರು 1863ರಲ್ಲಿ ಮದರಾಸಿನ ಸಮೀಪದ ಪಲ್ಲಾವರಂನಲ್ಲಿ ಹಳೆ ಶಿಲಾಯುಗದ ಕಲ್ಲಿನ ಆಯುಧವನ್ನು ಪತ್ತೆಹಚ್ಚಿ, ಭಾರತದ ಮಾನವ ಇತಿಹಾಸವನ್ನು ಲಕ್ಷಾಂತರ ವರ್ಷ ಹಿಂದಕ್ಕೆ ಸರಿಸಿದ್ದರು. ದಕ್ಷಿಣ ಭಾರತದ ಚಿನ್ನವನ್ನೊಳಗೊಂಡ ಶಿಲಾಸಮೂಹಕ್ಕೆ ಧಾರವಾಡದ ಹೆಸರನ್ನು ಕೊಟ್ಟು ಅದನ್ನು ಜಗತ್ತಿನ ಭೂವಿಜ್ಞಾನದ ಪಠ್ಯಗಳಿಗೆ ಸೇರಿಸಿದವರೂ ಅವರೇ. 1870 ಹಾಗೂ 1888ರಲ್ಲಿ ಮಸ್ಕಿಗೆ ಭೇಟಿಯಿತ್ತ ಫೂಟ್ ಅಲ್ಲಿ ಪ್ರಾಚೀನ ಜನವಸತಿಯ ಅವಶೇಷಗಳನ್ನು ಗುರುತಿಸಿದರು. ಅಧಿಕೃತವಾಗಿ ಅವರ ಕೆಲಸ ಬಂಡೆಗಳ ನಕ್ಷೆ ತಯಾರಿಸುವುದು. ದಾರಿಯಲ್ಲಿ ಕಂಡ ಮಡಕೆಯ ಚೂರು, ಕಲ್ಲಿನ ಕೊಡಲಿಗಳನ್ನು ಆಯ್ದು ಜೋಪಾನ ಮಾಡಿದ್ದು ಅವರ ಸ್ವಂತ ಆಸಕ್ತಿ. ಆ ಸಂಗ್ರಹ ಮುಂದೆ ಮದರಾಸು ವಸ್ತುಸಂಗ್ರಹಾಲಯ ಸೇರಿತು.

ಅದೇ ದಶಕಗಳಲ್ಲಿ ಇಲ್ಲಿನ ಚಿನ್ನ ಲಂಡನ್ನಿನ ಷೇರುಪೇಟೆಯ ಗಮನವನ್ನೂ ಸೆಳೆಯಿತು. ಆಗ ಈ ಪ್ರದೇಶ ಹೈದರಾಬಾದ್ ನಿಜಾಮನ ಆಳ್ವಿಕೆಯಲ್ಲಿತ್ತು. 1886ರಲ್ಲಿ ಸಂಸ್ಥಾನದ ಖನಿಜಗಳನ್ನು ಹೊರತೆಗೆಯುವ ಹಕ್ಕನ್ನು ಲಂಡನ್ನಿನ ಬಂಡವಾಳದಾರರಿಗೆ ನೀಡಲಾಯಿತು. ಹೈದರಾಬಾದ್ (ಡೆಕ್ಕನ್) ಕಂಪನಿ ಸ್ಥಾಪನೆಗೊಂಡಿತು. ಈ ವ್ಯವಹಾರದ ಸೂತ್ರಧಾರನಾಗಿದ್ದ ನಿಜಾಮನ ಅಧಿಕಾರಿ ಅಬ್ದುಲ್ ಹಕ್, ತನ್ನ ಪಾಲಿಗೆ ಬಂದ ಷೇರುಗಳನ್ನೇ ಹೆಚ್ಚಿನ ಬೆಲೆಗೆ ನಿಜಾಮ ಸರ್ಕಾರದ ತಲೆಗೆ ಕಟ್ಟಿದನೆಂಬ ಆರೋಪ ಕೇಳಿಬಂತು. ಪ್ರಕರಣ ಬ್ರಿಟಿಷ್ ಪಾರ್ಲಿಮೆಂಟಿನವರೆಗೆ ಹೋಗಿ, 1888ರಲ್ಲಿ ಸಮಿತಿಯೊಂದು ವಿಚಾರಣೆ ನಡೆಸಿತು. ಅಬ್ದುಲ್ ಹಕ್ ಹುದ್ದೆ ಕಳೆದುಕೊಂಡ. ದೋಆಬ್‌ನ ಒಡಲಿನಿಂದ ಒಂದು ತೊಲ ಬಂಗಾರ ಹೊರಬರುವ ಮೊದಲೇ ಕಾಗದದ ಮೇಲೆ ಸಂಪತ್ತು ಕೈ ಬದಲಾಯಿಸಿತ್ತು.

ಇಪ್ಪತ್ತನೆಯ ಶತಮಾನದ ಮೊದಲ ಎರಡು ದಶಕಗಳಲ್ಲಿ ಹಟ್ಟಿಯಲ್ಲಿ ಬ್ರಿಟಿಷ್ ಕಂಪನಿಯ ಗಣಿಗಾರಿಕೆ ನಡೆಯಿತು. ಅಂದಿನ ಇಂಗ್ಲಿಷ್ ದಾಖಲೆಗಳಲ್ಲಿ ಊರಿನ ಹೆಸರು ಹುಟ್ಟಿ ಎಂದಾಗಿತ್ತು. ಬಳಿಕ ಗಣಿ ಮುಚ್ಚಿತು. ಅಷ್ಟರಲ್ಲಿ ಈ ಸೀಮೆಯಲ್ಲಿ ನಡೆದ ಚಿನ್ನದ ಶೋಧವೊಂದು ಬೇರೆಯೇ ಬಗೆಯ ನಿಧಿಯನ್ನು ಬೆಳಕಿಗೆ ತಂದಿತ್ತು.

1915ರ ಜನವರಿ 27

ಸಿ. ಬೀಡನ್ ಹೈದರಾಬಾದ್ ಸರ್ಕಾರಕ್ಕಾಗಿ ಚಿನ್ನದ ನಿಕ್ಷೇಪಗಳನ್ನು ಹುಡುಕುತ್ತಿದ್ದ ಎಂಜಿನಿಯರ್. 1915ರ ಜನವರಿ 27ರಂದು ಮಸ್ಕಿಯ ಗುಡ್ಡದಲ್ಲಿ ಅವರ ಕಣ್ಣಿಗೆ ಬಿದ್ದದ್ದು ಬಂಡೆಯೊಂದರ ಮೇಲೆ ಕೊರೆದ ಪುರಾತನ ಅಕ್ಷರಗಳು. ಶಾಸನತಜ್ಞ ಎಚ್. ಕೃಷ್ಣಶಾಸ್ತ್ರಿ ಅವರು ಅದನ್ನು ಓದಿ, ಅದೇ ವರ್ಷ ಹೈದರಾಬಾದ್ ಪುರಾತತ್ವ ಮಾಲೆಯ ಮೊದಲ ಪ್ರಕಟಣೆಯಾಗಿ ಹೊರತಂದಾಗ ವಿದ್ವತ್ ಲೋಕ ಬೆರಗಾಯಿತು.

ಬೆರಗಿಗೆ ಕಾರಣವಿತ್ತು. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮಿ ಲಿಪಿಯ ಒಗಟನ್ನು ಬಿಡಿಸಿದಂದಿನಿಂದ, ದೇಶದ ಬಂಡೆ ಮತ್ತು ಕಂಬಗಳ ಮೇಲೆ ಧರ್ಮಾಜ್ಞೆಗಳನ್ನು ಬರೆಸಿದ ಅರಸನ ಹೆಸರು ದೇವಾನಾಂಪಿಯ ಪಿಯದಸಿ ಎಂದಷ್ಟೇ ಓದಲಾಗುತ್ತಿತ್ತು. ಸಿಂಹಳದ ಬೌದ್ಧ ಗ್ರಂಥಗಳ ನೆರವಿನಿಂದ ಜಾರ್ಜ್ ಟರ್ನರ್ ಆತನೇ ಅಶೋಕನೆಂದು ನಿರ್ಣಯಿಸಿದ್ದರು. ಆದರೆ ಆತನ ಸ್ವಂತ ಶಾಸನಗಳಲ್ಲಿ ಅಶೋಕ ಎಂಬ ಹೆಸರು ಎಲ್ಲಿಯೂ ಕಂಡಿರಲಿಲ್ಲ. ದೇವಾನಾಂಪಿಯ ಎಂಬ ಬಿರುದಿನ ಪಕ್ಕದಲ್ಲಿಯೇ ಅಶೋಕ ಎಂಬ ಹೆಸರನ್ನು ತೋರಿಸಿ ಸುಮಾರು 78 ವರ್ಷಗಳ ಆ ಊಹೆಯನ್ನು ಮಸ್ಕಿಯ ಬಂಡೆ ನಿಜವಾಗಿಸಿತು. ಆಮೇಲಿನ ದಶಕಗಳಲ್ಲಿ ಮಧ್ಯಪ್ರದೇಶದ ಗುಜರ್ರಾ, ಬಳ್ಳಾರಿ ಜಿಲ್ಲೆಯ ನಿಟ್ಟೂರು ಹಾಗೂ ಉಡೆಗೋಳಗಳಲ್ಲಿಯೂ ಅಶೋಕನ ಹೆಸರಿರುವ ಶಾಸನಗಳು ದೊರೆತವು. ಆದರೆ ಮೊದಲ ಸಾಕ್ಷ್ಯ ನುಡಿದ ಗೌರವ ಮಸ್ಕಿಗೇ ಸಲ್ಲುತ್ತದೆ.

ಪಾಟಲಿಪುತ್ರದ ಚಕ್ರವರ್ತಿಗೆ ಇಷ್ಟು ದೂರದ ಸೀಮೆಯಲ್ಲಿ ಏನು ಕೆಲಸವಿತ್ತು? ಬಹುಶಃ ಚಿನ್ನವೇ ಉತ್ತರ ಎಂದು ಅನೇಕ ವಿದ್ವಾಂಸರು ಭಾವಿಸುತ್ತಾರೆ. ದಕ್ಷಿಣದ ವ್ಯಾಪಾರಮಾರ್ಗದಲ್ಲಿ ಶಂಖ, ವಜ್ರ, ಮಣಿ, ಮುತ್ತು ಮತ್ತು ಬಂಗಾರ ಹೇರಳವೆಂದು ಕೌಟಿಲ್ಯನ ಅರ್ಥಶಾಸ್ತ್ರ ಹೇಳುತ್ತದೆ. ದಕ್ಷಿಣದಲ್ಲಿ ಅಶೋಕನ ಶಾಸನಗಳು ದೊರೆತಿರುವ ನೆಲೆಗಳು ಬಹುಮಟ್ಟಿಗೆ ಚಿನ್ನದ ಪ್ರದೇಶಗಳ ಆಸುಪಾಸಿನಲ್ಲಿವೆ. ಚಿತ್ರದುರ್ಗ ಜಿಲ್ಲೆಯಲ್ಲಿ ಬಿ.ಎಲ್. ರೈಸ್ 1892ರಲ್ಲಿ ಪತ್ತೆಹಚ್ಚಿದ ಶಾಸನಗಳು ಮೌರ್ಯರ ದಕ್ಷಿಣ ಪ್ರಾಂತ್ಯದ ರಾಜಧಾನಿಯನ್ನು ಸುವರ್ಣಗಿರಿ ಎಂದು ಕರೆದಿವೆ. ಆ ಸುವರ್ಣಗಿರಿ ಮಸ್ಕಿಯೇ ಎಂದು ಕೆಲವರು, ಕೊಪ್ಪಳ ಜಿಲ್ಲೆಯ ಕನಕಗಿರಿ ಎಂದು ಇನ್ನು ಕೆಲವರು, ಆಂಧ್ರಪ್ರದೇಶದ ಜೊನ್ನಗಿರಿ ಎಂದು ಮತ್ತೆ ಕೆಲವರು ವಾದಿಸಿದ್ದಾರೆ. ಚರ್ಚೆ ಮುಗಿದಿಲ್ಲ.

ಮಸ್ಕಿಯ ಶಾಸನದ ತಿರುಳು ಇಲ್ಲಿ ವಿಶೇಷವಾಗಿ ನೆನೆಯತಕ್ಕದ್ದು. ಧರ್ಮದ ಹಾದಿಯಲ್ಲಿ ಉನ್ನತಿಯನ್ನು ಮುಟ್ಟುವುದು ದೊಡ್ಡವರಿಗೆ ಮಾತ್ರ ಸಾಧ್ಯವೆಂದು ತಿಳಿಯಬಾರದು, ಸಣ್ಣವರಿಗೂ ಅದು ಸಾಧ್ಯ ಎಂಬುದು ಅದರ ಸಾರಾಂಶ. ಇದನ್ನು ಸಣ್ಣವರಿಗೂ ದೊಡ್ಡವರಿಗೂ ತಿಳಿಸಬೇಕೆಂದು ಶಾಸನ ವಿಧಿಸುತ್ತದೆ. ಹಟ್ಟಿಯ ಪ್ರಾಚೀನ ಕುಳಿಗಳಿಂದ ಬಂದ ಮರದ ತುಂಡುಗಳ ಕಾಲ ಅಶೋಕನಿಗಿಂತ ಈಚಿನದು. ಆದುದರಿಂದ ಆ ಕುಳಿಗಳಲ್ಲಿ ಬೆಂದವರಿಗೂ ಈ ಶಾಸನಕ್ಕೂ ನೇರ ಸಂಬಂಧ ಕಲ್ಪಿಸಲಾಗದು. ಆದರೂ ಒಂದೇ ಶಿಲಾಪಟ್ಟಿಯ ಮೇಲೆ ಚಕ್ರವರ್ತಿಯ ಈ ಮಾತೂ ಹೆಸರಿಲ್ಲದ ಗಣಿಗಾರರ ಕುಳಿಗಳೂ ಉಳಿದಿರುವುದು ಓದುಗರನ್ನು ಚಿಂತನೆಗೆ ಹಚ್ಚುತ್ತದೆ.

ಹಳೆಯ ಕುಳಿಗಳ ಚರಿತ್ರಕಾರರು

ಬೀಡನ್ ಅವರ ಬಳಿಕ ಈ ಸೀಮೆಯ ಹಳೆಯ ಗಣಿಗಳನ್ನೂ ಬೃಹತ್ ಶಿಲಾ ಸಮಾಧಿಗಳನ್ನೂ ಒಟ್ಟಿಗೆ ಅಧ್ಯಯನಕ್ಕೆ ಒಳಪಡಿಸಿದವರು ಲಿಯೊನಾರ್ಡ್ ಮನ್. ಹೈದರಾಬಾದ್ ಸಂಸ್ಥಾನದ ಭೂವೈಜ್ಞಾನಿಕ ಸರ್ವೇಕ್ಷಣದಲ್ಲಿದ್ದ ಅವರು 1930ರ ದಶಕದಲ್ಲಿ ಪ್ರಕಟಿಸಿದ ಬರಹಗಳು ಹಟ್ಟಿಯ ಪ್ರಾಚೀನ ಗಣಿಗಳ ಬಗ್ಗೆ ಇಂದಿಗೂ ಮೊದಲು ತೆರೆಯಬೇಕಾದ ದಾಖಲೆ.

1952ರಲ್ಲಿ ಮುದಗಲ್ಲಿನ ಸಮೀಪದ ಪಿಕ್ಲಿಹಾಳದಲ್ಲಿ ಉತ್ಖನನ ನಡೆಸಿದವರು ರೇಮಂಡ್ ಆಲ್ಚಿನ್ (1923-2010). ಅವರ ಪತ್ನಿ ಬ್ರಿಜೆಟ್ ಆಲ್ಚಿನ್ ಅವರೂ ಪುರಾತತ್ವಜ್ಞೆ. ಮುಂದೆ ಕೇಂಬ್ರಿಜ್‌ನಲ್ಲಿ ದಕ್ಷಿಣ ಏಷ್ಯಾದ ಪುರಾತತ್ವಕ್ಕೆ ಹೆಸರಾದ ಈ ದಂಪತಿಯ ಆರಂಭದ ಕಾರ್ಯಕ್ಷೇತ್ರ ನಮ್ಮ ರಾಯಚೂರು ಸೀಮೆ. ದಕ್ಷಿಣದ ಬೂದಿದಿಬ್ಬಗಳು ನವಶಿಲಾಯುಗದ ಪಶುಪಾಲಕರ ದೊಡ್ಡಿಗಳಲ್ಲಿ ಸೆಗಣಿಯ ರಾಶಿ ಉರಿದು ಉಂಟಾದವೆಂದು ಆಲ್ಚಿನ್ ಸಾಧಿಸಿದರು. ಹಟ್ಟಿ ಎಂಬ ಪದದ ಅರ್ಥ ಬಲ್ಲ ಕನ್ನಡಿಗರಿಗೆ ಈ ನಿರ್ಣಯದ ಸೊಗಸು ಬೇರೆಯೇ ಆಗಿ ಕಂಡೀತು. ಭಾರತದ ಪ್ರಾಚೀನ ಚಿನ್ನದ ಗಣಿಗಾರಿಕೆಯ ಕಾಲ ಮತ್ತು ವಿಧಾನಗಳ ಕುರಿತು ಅವರು 1962ರಲ್ಲಿ ಪ್ರಕಟಿಸಿದ ಪ್ರಬಂಧ ಈ ಕ್ಷೇತ್ರದ ಮೈಲಿಗಲ್ಲು. 1954ರಲ್ಲಿ ಮಸ್ಕಿಯಲ್ಲಿ ಉತ್ಖನನ ನಡೆಸಿದ ಬಿ.ಕೆ. ಥಾಪರ್ ಮುಂದೆ ಭಾರತೀಯ ಪುರಾತತ್ವ ಸರ್ವೇಕ್ಷಣದ ಮಹಾನಿರ್ದೇಶಕರಾದರು.

ಕನ್ನಡಿಗರಲ್ಲಿ ಈ ಪರಂಪರೆಯನ್ನು ಮುಂದುವರಿಸಿದವರು ಡಾ. ಬಿ.ಪಿ. ರಾಧಾಕೃಷ್ಣ (1918-2012). ಮೈಸೂರು ರಾಜ್ಯದ ಗಣಿ ಮತ್ತು ಭೂವಿಜ್ಞಾನ ಇಲಾಖೆಯನ್ನು ಮುನ್ನಡೆಸಿದ, ಭಾರತೀಯ ಭೂವೈಜ್ಞಾನಿಕ ಸಂಘವನ್ನು ಕಟ್ಟಿ ಬೆಳೆಸಿದ ಅವರು, ಎಲ್.ಸಿ. ಕರ್ಟಿಸ್ ಅವರೊಡನೆ ರಚಿಸಿ 1991ರಲ್ಲಿ ಪ್ರಕಟಿಸಿದ ಭಾರತದ ಚಿನ್ನದ ಕುರಿತ ಗ್ರಂಥದಲ್ಲಿ ಪ್ರಾಚೀನ ಗಣಿಗಾರರ ಕೌಶಲಕ್ಕೆ ಸಲ್ಲಬೇಕಾದ ಗೌರವ ಸಲ್ಲಿಸಿದರು. ಆಧುನಿಕ ಕಂಪನಿಗಳು ಅದಿರನ್ನು ಕಂಡುಕೊಂಡದ್ದು ಬಹುಮಟ್ಟಿಗೆ ಹಳೆಯ ಕುಳಿಗಳ ಜಾಡು ಹಿಡಿದು ಎಂಬುದು ಭೂವಿಜ್ಞಾನಿಗಳು ಒಪ್ಪಿದ ಮಾತು. ಆ ಅರ್ಥದಲ್ಲಿ ಹಟ್ಟಿಯ ಮೊದಲ ಭೂವಿಜ್ಞಾನಿಗಳು ಆ ಅನಾಮಿಕರೇ.

ನೆಲದಡಿಯ ಹೆಸರುಗಳು

ಹಟ್ಟಿಯ ಇಂದಿನ ಗಣಿ ಕಂಪನಿ 1947ರಲ್ಲಿ ಹೈದರಾಬಾದ್ ಗೋಲ್ಡ್ ಮೈನ್ಸ್ ಎಂಬ ಹೆಸರಿನಲ್ಲಿ ಆರಂಭವಾಯಿತು. 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾಗಿ ರಾಯಚೂರು ಜಿಲ್ಲೆ ಕನ್ನಡ ನಾಡಿನ ತೆಕ್ಕೆಗೆ ಬಂದ ಬಳಿಕ ಅದು ಹಟ್ಟಿ ಚಿನ್ನದ ಗಣಿ ಕಂಪನಿಯಾಯಿತು; ಇಂದು ಕರ್ನಾಟಕ ಸರ್ಕಾರದ ಉದ್ಯಮವಾಗಿದೆ. 2001ರಲ್ಲಿ ಕೋಲಾರ ಚಿನ್ನದ ಗಣಿಗಳು ಮುಚ್ಚಿದ ನಂತರ ದೀರ್ಘಕಾಲ ದೇಶದ ಪ್ರಮುಖ ಚಿನ್ನದ ಗಣಿ ಕೇಂದ್ರವೆಂಬ ಸ್ಥಾನ ಹಟ್ಟಿಯದಾಯಿತು. ದೇಶ ಪ್ರತಿವರ್ಷ ನೂರಾರು ಟನ್ ಚಿನ್ನವನ್ನು ಆಮದು ಮಾಡಿಕೊಳ್ಳುತ್ತದೆ. ಅದರ ಮುಂದೆ ಹಟ್ಟಿ ಕಂಪನಿಯ ವಾರ್ಷಿಕ ಉತ್ಪಾದನೆ ಒಂದೆರಡು ಟನ್ನಿನಷ್ಟು ಮಾತ್ರ.

ಗಣಿಯ ಭಾಷೆಯಲ್ಲಿ ಮಾತ್ರ ಕೆಲವು ಹೆಸರುಗಳು ಉಳಿದುಕೊಂಡಿವೆ. ಓಕ್ಲೀ ಎಂಬ ಇಂಗ್ಲಿಷ್ ಹೆಸರು ಅದಿರಿನ ಒಂದು ರೀಫಿಗೆ, ಮಲ್ಲಪ್ಪ ಎಂಬ ಅಚ್ಚಕನ್ನಡ ಹೆಸರು ನೆಲದಾಳಕ್ಕೆ ಇಳಿಯುವ ಒಂದು ಶಾಫ್ಟಿಗೆ ಅಂಟಿಕೊಂಡಿವೆ. ಪ್ರತಿ ಪಾಳಿಯಲ್ಲಿಯೂ ಕಾರ್ಮಿಕರು ಈ ಹೆಸರುಗಳನ್ನು ಉಚ್ಚರಿಸುತ್ತಲೇ ಪಂಜರದ ಲಿಫ್ಟಿನಲ್ಲಿ ಕೆಳಗಿಳಿಯುತ್ತಾರೆ. ಗಣಿ ಈಗ ಎರಡು ಸಾವಿರ ಅಡಿಗಳನ್ನೂ ಮೀರಿ ಆಳಕ್ಕೆ ಹೋಗಿದೆ. ಬೆಂಕಿ ಮತ್ತು ನೀರಿನ ಜಾಗದಲ್ಲಿ ಕೊರೆಯುವ ಯಂತ್ರ ಹಾಗೂ ಸಿಡಿಮದ್ದು ಬಂದಿವೆ. ಕುಟ್ಟುವ ಗುಳಿಗಳ ಜಾಗದಲ್ಲಿ ಗಿರಣಿ ಮತ್ತು ಸಯನೈಡ್ ದ್ರಾವಣ ಬಂದಿವೆ. ಬೆಣಚುಕಲ್ಲಿನ ದೂಳು ಮಾತ್ರ ಅಂದಿನದೇ. ಶ್ವಾಸಕೋಶದಲ್ಲಿ ನೆಲೆಯೂರುವ ಆ ದೂಳಿನಿಂದ ಬರುವ ಸಿಲಿಕೋಸಿಸ್ ರೋಗ ಎರಡು ಸಾವಿರ ವರ್ಷಗಳ ಹಿಂದಿನ ಗಣಿಗಾರರನ್ನೂ ಬಿಟ್ಟಿರಲಾರದು. ಈ ರೋಗಕ್ಕೆ ಇಂದಿಗೂ ಪೂರ್ಣ ಚಿಕಿತ್ಸೆಯಿಲ್ಲ; ದೂಳನ್ನು ತಡೆಯುವುದೊಂದೇ ದಾರಿ.

ಗಣಿ ಬೆಳೆದಂತೆ ಹಳೆಯ ಕುಳಿಗಳು ಹೊಸ ಸುರಂಗಗಳಲ್ಲಿ ಕರಗಿಹೋಗುವುದು, ಮೇಲ್ಮೈಯ ಕುಟ್ಟುಗುಳಿಗಳು ಕಟ್ಟಡ ಹಾಗೂ ಅದಿರಿನ ಹೂಳಿನಡಿ ಸೇರುವುದು ಯಾವುದೇ ಗಣಿ ಊರಿನಲ್ಲಿ ಅನಿವಾರ್ಯ. ಮನ್ ಮತ್ತು ಆಲ್ಚಿನ್ ಕಂಡದ್ದನ್ನೆಲ್ಲ ಮುಂದಿನ ಪೀಳಿಗೆ ಕಣ್ಣಾರೆ ಕಾಣಲಾರದು. ಆದುದರಿಂದ ಉಳಿದಿರುವ ಗುರುತುಗಳನ್ನು ಅಳೆದು, ಚಿತ್ರಿಸಿ, ಒಂದೆಡೆ ಸಂಗ್ರಹಿಸುವ ಕೆಲಸಕ್ಕೆ ಮಹತ್ವವಿದೆ. ಆಧುನಿಕ ಗಣಿಯ ಮುಕ್ಕಾಲು ಶತಮಾನದ ಹಾಜರಿ ಪುಸ್ತಕಗಳಲ್ಲಿ, ನಿವೃತ್ತ ಕಾರ್ಮಿಕರ ನೆನಪುಗಳಲ್ಲಿ ಇರುವ ಹೆಸರುಗಳಿಗೂ ಈ ಮಾತು ಅನ್ವಯಿಸುತ್ತದೆ. ಪ್ರಾಚೀನ ಗಣಿಗಾರರ ಹೆಸರುಗಳನ್ನು ಮರಳಿ ಪಡೆಯುವುದು ಸಾಧ್ಯವಿಲ್ಲ. ಈ ಕಾಲದವರ ಹೆಸರುಗಳಿಗೆ ಅದೇ ಗತಿ ಬರಬೇಕಾಗಿಲ್ಲ.

ಈ ಸೀಮೆಗೆ ಹೋಗುವವರಿಗೆ ಮಸ್ಕಿಯ ಗುಡ್ಡದ ಶಾಸನ, ಮುದಗಲ್ಲಿನ ಕೋಟೆ, ಅಮರೇಶ್ವರದ ಗುಡಿ, ಪಿಕ್ಲಿಹಾಳದ ಬಂಡೆಚಿತ್ರಗಳು ಒಂದೆರಡು ದಿನಗಳಲ್ಲಿ ನೋಡಿ ಮುಗಿಸಬಹುದಾದಷ್ಟು ಹತ್ತಿರದಲ್ಲಿವೆ. ಹಟ್ಟಿಯ ಗಣಿಯೊಳಗೆ ಇಳಿಯಲು ಕಂಪನಿಯ ಅನುಮತಿ ಬೇಕು. ಆದರೆ ಪಾಳಿ ಬದಲಾಗುವ ಹೊತ್ತಿಗೆ ಊರಿನ ರಸ್ತೆಯಲ್ಲಿ ನಿಂತರೆ, ಅಶೋಕನ ಶಾಸನ ಸಣ್ಣವರೆಂದು ಕರೆದವರ ಸಾಲು ಕೆಲಸ ಮುಗಿಸಿ ಮನೆಗೆ ಮರಳುವುದು ಕಾಣುತ್ತದೆ. ಅದನ್ನು ನೋಡಲು ಯಾರ ಅನುಮತಿಯೂ ಬೇಕಿಲ್ಲ.